ಸಲಹೆ ಹಳತಾಯ್ತು, ಹೊಸದು ಕೊಡಿ

ಮಾರ್ಚ್ ಕೊನೆ ಬಂತೆಂದರೆ ಸರ್ಕಾರಿ ಕಚೇರಿಗಳಲ್ಲಿ ಯಾರಿಗೂ ಊಟ ರುಚಿಸುವುದಿಲ್ಲ. ಬಂದ ಅನುದಾನ ಖರ್ಚಾಗಬೇಕು, ಯುಸಿ, ಅಂದರೆ ದುಡ್ಡು ಬಳಸಿದ ಪ್ರಮಾಣಪತ್ರ, ಹೋಗಬೇಕು, ಇಲ್ಲದಿದ್ದರೆ ದುಡ್ಡು ಲ್ಯಾಪ್ಸ್. ಟಿಎ (ಪ್ರಯಾಣ ಭತ್ಯೆ) ಬಿಲ್ಲಿನಲ್ಲಿ ಒಂದು ಸಹಿ ಬಿಟ್ಟುಹೋದರೂ ಖಜಾನೆಯವರು ಆಕ್ಷೇಪಣೆ ಬರೆದು ವಾಪಸ್ ಕಳಿಸುತ್ತಾರೆ. ಆಟೋದಲ್ಲಿ ಹೋಗಿದ್ದೇಕೆ, ಬಸ್ಸಿರಲಿಲ್ಲವೇ ಅಂತಲೂ ಕೇಳುತ್ತಾರೆ. ಕೇಳಲಿ ಬಿಡಿ, ಜನರ ದುಡ್ಡು ಅಲ್ವಾ?

ಇಷ್ಟು ಕಟ್ಟುನಿಟ್ಟಿನ ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಲಹೆಗೆ ಏನಾಯ್ತು ನೋಡಿ.

2015ರಲ್ಲಿ ಎಚ್. ಕಾಂತರಾಜು ಅಧ್ಯಕ್ಷರಾಗಿದ್ದಾಗ ಮೇಷ್ಟ್ರುಗಳು ಬೇಸಿಗೆಯ ಬಿಸಿಲಲ್ಲಿ ಮನೆ ಮನೆ ಸುತ್ತಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ, ಅಂದರೆ ಜನ ಜಾತಿ ಗಣತಿ ಅನ್ನುವುದನ್ನು, ಮಾಡಿದರು. ಖರ್ಚು ಸುಮಾರು 160 ಕೋಟಿ ರೂಪಾಯಿ. ವರದಿ ತಯಾರಾಯ್ತು. ತೆಗೆದುಕೊಳ್ಳುವವರೇ ಇಲ್ಲ! ಕಾಂಗ್ರೆಸ್ ಹೋಯ್ತು, ಜೆಡಿಎಸ್ ಮುಖ್ಯಮಂತ್ರಿ ಬಂದರು, ಬಿಜೆಪಿ ಬಂತು, ಮತ್ತೆ ಕಾಂಗ್ರೆಸ್ ಬಂತು. ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದ ಮೂರು ಪಕ್ಷಗಳು ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರಂತೆ ನಡೆದುಕೊಂಡವು. ವರದಿಯಿದ್ದ ಪೆಟ್ಟಿಗೆಯನ್ನು ಯಾರೂ ಅಲುಗಾಡಿಸಲಿಲ್ಲ.

2021ರಲ್ಲಿ, ಕೆ. ಜಯಪ್ರಕಾಶ್ ಹೆಗ್ಡೆ ಅಧ್ಯಕ್ಷರಾಗಿದ್ದಾಗ, ಸೀಲ್ ಮಾಡಿದ್ದ ಆ ಪೆಟ್ಟಿಗೆಯನ್ನು ಆಯೋಗದವರೇ ತೆಗೆದರು. ವರದಿಯ ಮೂಲ ಪ್ರತಿ ಇರಲಿಲ್ಲ. ಮುದ್ರಿತ ಪ್ರತಿಯಲ್ಲಿ ಸದಸ್ಯ ಕಾರ್ಯದರ್ಶಿಯ ಸಹಿ ಇರಲಿಲ್ಲ. ಸಮೀಕ್ಷೆಯ ದತ್ತಾಂಶ ಉಳಿದಿತ್ತು, ಪುಣ್ಯ. ಈಗ ಆ ಟಿಎ ಬಿಲ್ಲನ್ನು ಒಮ್ಮೆ ನೆನಪಿಸಿಕೊಳ್ಳಿ. 300 ರೂಪಾಯಿಯ ಬಿಲ್ಲಿಗೆ ಸಹಿ ಇಲ್ಲದಿದ್ದರೆ ಅದು ಅಪರಾಧ. 160 ಕೋಟಿಯ ವರದಿಗೆ ಸಹಿ ಇಲ್ಲದಿದ್ದರೆ ಅದು ಬರೀ ಸುದ್ದಿ.

ಹೆಗ್ಡೆಯವರು ಇದ್ದ ದತ್ತಾಂಶ ಹಿಡಿದು ವರದಿ ಸಿದ್ಧಪಡಿಸಿ 2024ರ ಫೆಬ್ರವರಿ 29ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಗಿಟ್ಟರು. ಸಂಪುಟದ ಮುಂದೆ ಅದು ಬಂದದ್ದು 2025ರ ಏಪ್ರಿಲ್‌ನಲ್ಲಿ. ಜೂನ್‌ನಲ್ಲಿ ದೆಹಲಿಯಿಂದ ಹೈಕಮಾಂಡ್ ಮಾತು ಬಂತು. ಎರಡೇ ದಿನಕ್ಕೆ ಸಂಪುಟಕ್ಕೆ ಜ್ಞಾನೋದಯವಾಯ್ತು: ಅಯ್ಯೋ, ಇದು ಹತ್ತು ವರ್ಷದ ಹಳೇ ಸಮೀಕ್ಷೆ! 1995ರ ಆಯೋಗದ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಹತ್ತು ವರ್ಷಕ್ಕೊಮ್ಮೆ ಹಿಂದುಳಿದ ವರ್ಗಗಳ ಪಟ್ಟಿ ಪರಿಷ್ಕರಿಸಬೇಕು, ಹಾಗಾಗಿ ಹೊಸ ಸಮೀಕ್ಷೆ ಬೇಕು.

ಮಾತ್ರೆ ತಂದು, ನುಂಗದೆ ಬೀರುವಿನಲ್ಲಿಟ್ಟು, ಎಕ್ಸ್‌ಪೈರಿ ದಿನ ಬರುವ ತನಕ ಕಾದು, ಆಮೇಲೆ ಮೆಡಿಕಲ್ ಶಾಪಿಗೆ ಹೋಗಿ ಹೊಸ ಸ್ಟ್ರಿಪ್ ಕೇಳಿದ ಹಾಗಾಯ್ತು. ಕಾಯ್ದೆ ಬರೆದವರು ಇದನ್ನು ಊಹಿಸಿರಲಿಕ್ಕಿಲ್ಲ.

ಇಲ್ಲಿ ಆಯೋಗದ ಮೇಲೆ ಸಿಟ್ಟಾಗಿ ಏನೂ ಪ್ರಯೋಜನವಿಲ್ಲ. ಅದರ ಕೆಲಸ ಸಲಹೆ ಕೊಡುವುದು, ಕೊಟ್ಟಿದೆ. ವರ್ಷಾವರ್ಷ ಲೆಕ್ಕವನ್ನೂ ಕೊಡಬೇಕು. ಸಂಬಳ ಎಷ್ಟು, ಬಾಡಿಗೆ ಕಾರು ಎಷ್ಟು, ಮುದ್ರಣಕ್ಕೆ ಎಷ್ಟು, ಚಹಾಕ್ಕೆ ಎಷ್ಟು. ಆ ಖರ್ಚಿನ ಲೆಕ್ಕದ ಹಾಳೆಯಲ್ಲಿ, ಸಲಹೆಯನ್ನು ಸರ್ಕಾರ ಓದಿತೇ ಅಂತ ಕೇಳುವ ಕಾಲಮ್ ಮಾತ್ರ ಇಲ್ಲ. ವೋಚರ್ ಸರಿಯಾಗಿದ್ದರೆ ಲೆಕ್ಕ ಚುಕ್ತಾ.

ಹೊಸ ಸಮೀಕ್ಷೆ ಸೆಪ್ಟೆಂಬರ್ 22ಕ್ಕೆ ಶುರುವಾಯ್ತು, ದಸರಾ ರಜೆಯಲ್ಲಿ. ಅದಕ್ಕೂ ಮೊದಲೇ ಮೀಟರ್ ರೀಡರ್‌ಗಳು ಬಂದು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಹೋಗಿದ್ದರು. ಮೊದಲ ದಿನಗಳಲ್ಲಿ ಆ್ಯಪ್ ಕೈಕೊಟ್ಟಿತು. ಮೇಷ್ಟ್ರುಗಳು ನೆಟ್‌ವರ್ಕ್ ಹುಡುಕಿ ಅಲೆದರು. ಸಮೀಕ್ಷೆ ಮುಗಿಯಲಿಲ್ಲ ಅಂತ ಶಾಲೆಗಳ ರಜೆಯನ್ನೂ ಅಕ್ಟೋಬರ್ 18ರ ತನಕ ಎಳೆದರು. ಗೌರವಧನ ಒಬ್ಬರಿಗೆ 20,000 ರೂಪಾಯಿ ತನಕ ಅಂದರು, ಒಟ್ಟು 325 ಕೋಟಿ. ಕೊಡಲಿ ಸ್ವಾಮಿ. ಈ ಇಡೀ ವ್ಯವಹಾರದಲ್ಲಿ ನಿಜವಾಗಿ ಕೆಲಸ ಮಾಡಿದವರು ಅವರೊಬ್ಬರೇ.

ಒಟ್ಟು ಅಂದಾಜು ವೆಚ್ಚ 420 ಕೋಟಿ. ಪ್ರಶ್ನೆಗಳು 60. ಭಾಗಿಸಿ ನೋಡಿ, ಒಂದು ಪ್ರಶ್ನೆಗೆ ಬರೋಬ್ಬರಿ 7 ಕೋಟಿ. ಇಷ್ಟು ದುಬಾರಿ ಪ್ರಶ್ನೆಗಳನ್ನು ಹಿಡಿದು ಗಣತಿದಾರರು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಮನೆಗೆ ಹೋದರು. ಅವರದೇ ಸರ್ಕಾರ, ಅವರದೇ ಸಂಪುಟದ ತೀರ್ಮಾನ. ಅವರು ಸ್ವಲ್ಪ ಹೊತ್ತು ಉತ್ತರ ಕೊಟ್ಟು, ಆಮೇಲೆ ಪ್ರಶ್ನೆಗಳು ಜಾಸ್ತಿಯಾದವು ಅಂತ ಬೇಸರಪಟ್ಟುಕೊಂಡರು. ಅವರಿಗೆ ಬೇಡವೆನಿಸಿದ ಪ್ರಶ್ನೆಗಳ ತಲಾ 7 ಕೋಟಿಯನ್ನು ಯಾವ ಲೆಕ್ಕ ಶೀರ್ಷಿಕೆಗೆ ಹಾಕಬೇಕೋ, ಮಾರ್ಚ್‌ನಲ್ಲಿ ಆಯೋಗದ ಕಚೇರಿಯ ಗುಮಾಸ್ತರೇ ತಲೆ ಕೆರೆದುಕೊಳ್ಳಬೇಕು.