ಕ್ಯಾಬಿನೆಟ್ಟಿಗೆ ಮಣೆ

ಮನೆಗೆ ದೊಡ್ಡ ಫ್ರಿಜ್ ತಂದರೆ ಅಕ್ಕಪಕ್ಕದವರು ಬಂದು, ಬಾಗಿಲು ತೆಗೆದು ನೋಡಿ, ಕಾಫಿ ಕುಡಿದು, 'ಚೆನ್ನಾಗಿದೆ' ಅಂತ ಹೇಳಿ ಹೋಗುತ್ತಾರೆ. ದೊಡ್ಡ ಟಿವಿ ತಂದರೂ ಅಷ್ಟೇ. ಅದೇ ದೊಡ್ಡ ಕಂಪ್ಯೂಟರ್ ಕ್ಯಾಬಿನೆಟ್ ತಂದು ನೋಡಿ. ನಮ್ಮ ಮೈಸೂರಿನಲ್ಲಿ, ಅದೂ ಕುವೆಂಪುನಗರದಂಥ ಕಡೆ, ಕಾಫಿ ಮುಗಿದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. "ಈಗೆಲ್ಲಾ ಪುಟಾಣಿ ಕಂಪ್ಯೂಟರ್ ಬಂದಿದೆಯಂತಲ್ಲಪ್ಪಾ, ನೀನ್ಯಾಕೆ ಇದನ್ನ ತಂದೆ?"

ಅವರು ಹೇಳುವುದು ಸುಳ್ಳಲ್ಲ. ಮದರ್‌ಬೋರ್ಡ್ ಅಂದರೆ ಕಂಪ್ಯೂಟರಿನ ಭಾಗಗಳೆಲ್ಲ ಕೂರುವ ಹಲಗೆ. ಅದರಲ್ಲಿ ಮಿನಿ ಐಟಿಎಕ್ಸ್ ಅನ್ನುವುದರ ಉದ್ದ, ಅಗಲ ಎರಡೂ ಬರೀ 170 ಮಿಲಿಮೀಟರ್. ಆದರೆ ನಾನು ಮದುವೆ ವಿಡಿಯೋ ಎಡಿಟ್ ಮಾಡಿ ಹೊಟ್ಟೆ ಹೊರೆಯುವವನು. ರಾತ್ರಿಯಿಡೀ ರೆಂಡರ್ ಓಡುತ್ತದೆ, ಅಂದರೆ ಎಡಿಟ್ ಮಾಡಿದ್ದನ್ನೆಲ್ಲ ಕಂಪ್ಯೂಟರ್ ಕೂಡಿಸಿ ಪೂರ್ತಿ ವಿಡಿಯೋ ಮಾಡುತ್ತದೆ. ಇಕ್ಕಟ್ಟಿನ ಡಬ್ಬದಲ್ಲಿ ಗಾಳಿ ಸರಿಯಾಗಿ ಆಡದಿದ್ದರೆ ಪ್ರೊಸೆಸರ್ ಬಿಸಿಯಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಗ್ರಾಫಿಕ್ಸ್ ಕಾರ್ಡುಗಳು ಈಗ 300 ಮಿಲಿಮೀಟರ್ ದಾಟಿ ಬೆಳೆದಿವೆ. ಜೊತೆಗೆ, ಇಂಟೆಲ್‌ನವರು 1995ರಲ್ಲೇ ಎಟಿಎಕ್ಸ್ ಅನ್ನುವ ದೊಡ್ಡ ಮದರ್‌ಬೋರ್ಡಿನ ಅಳತೆ 305ಕ್ಕೆ 244 ಮಿಲಿಮೀಟರ್ ಅಂತ ಗೊತ್ತು ಮಾಡಿಬಿಟ್ಟರು. ಇವತ್ತಿಗೂ ಅದೇ ಅಳತೆ ನಡೆಯುತ್ತಿದೆ. ಪ್ರೊಸೆಸರ್ ಬದಲಾಗುತ್ತೆ, ರ‍್ಯಾಮ್ ಬದಲಾಗುತ್ತೆ, ಕ್ಯಾಬಿನೆಟ್ ಮಾತ್ರ ಇದ್ದಲ್ಲೇ ಇರುತ್ತೆ. ಒಂದ್ಸಲ ದೊಡ್ಡದು ತಗೊಂಡರೆ ಮಗನ ಕಾಲಕ್ಕೂ ಆಯ್ತಲ್ವಾ? ಅಂಗಡಿಯಲ್ಲಿ ಇದನ್ನೆಲ್ಲ ಜೋರಾಗಿಯೇ ವಾದಿಸಿದೆ. ಅಂಗಡಿ ಹುಡುಗ ತಲೆ ಆಡಿಸಿದ. ಅವನು ಯಾರು ಏನು ಕೊಂಡರೂ ತಲೆ ಆಡಿಸುತ್ತಾನೆ.

ಆಟೋದಲ್ಲಿ ಅದು ಸೀಟಿನ ಮೇಲೆ ಬಂತು. ನಾನು ಡ್ರೈವರ್ ಪಕ್ಕ ಒಂದು ಕಾಲು ಹೊರಗಿಟ್ಟು ಬಂದೆ.

"ಏನೋ ಇದು, ಬೀರು ತಂದ್ಯಾ?" ಅಂದರು ಅಮ್ಮ.

ಹೆಂಡತಿ ಜಾಸ್ತಿ ಮಾತಾಡಲಿಲ್ಲ. ಎಲ್ಲಾ ಜೋಡಿಸಿ ಮುಗಿಸಿದ ಮೇಲೆ ಕ್ಯಾಬಿನೆಟ್ಟಿನ ಗಾಜಿನ ಬಾಗಿಲಿನಿಂದ ಒಳಗೆ ಇಣುಕಿದಳು. ನನ್ನ ಹಳೇ ಮದರ್‌ಬೋರ್ಡು ಮೈಕ್ರೋ ಎಟಿಎಕ್ಸ್, ಎಟಿಎಕ್ಸ್‌ಗಿಂತ ಗಿಡ್ಡ. ಅದರ ಕೆಳಗೂ ಮುಂದೂ ಬೇಕಾದಷ್ಟು ಜಾಗ ಖಾಲಿ.

"ಒಳಗೆ ಏನೂ ಇಲ್ವಲ್ರೀ."

"ಇದೆ ಕಣೇ. ಎಸ್‌ಎಸ್‌ಡಿ ನೋಡು, ಅಲ್ಲಿ."

ಫೈಲುಗಳನ್ನೆಲ್ಲ ಇಟ್ಟುಕೊಳ್ಳುವ ಆ ನನ್ನ ಎಸ್‌ಎಸ್‌ಡಿ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಅವಳು ಅದನ್ನೊಮ್ಮೆ, ಕ್ಯಾಬಿನೆಟ್ಟನ್ನೊಮ್ಮೆ ನೋಡಿದಳು. "ಹಪ್ಪಳದ ಡಬ್ಬ ಆರಾಮಾಗಿ ಹಿಡಿಯುತ್ತೆ" ಅಂದಳು.

ಎಲ್ಲಿಡುವುದು ಅನ್ನೋದು ಮುಂದಿನ ಪ್ರಶ್ನೆ. ಕಂಪ್ಯೂಟರ್ ಟೇಬಲ್ಲಿನ ಗೂಡಿಗೆ ಅದು ಹೋಗಲಿಲ್ಲ. ಟೇಬಲ್ ಮೇಲಿಟ್ಟರೆ ಮಾನಿಟರ್‌ಗೆ ಜಾಗವಿಲ್ಲ. ಉಳಿದದ್ದು ನೆಲ. ಆದರೆ ನೆಲಕ್ಕೆ ದಿನಾ ಬೆಳಗ್ಗೆ ಫಿನಾಯಿಲ್ ಹಾಕಿ ಒರೆಸುತ್ತಾರೆ. ಈ ಕ್ಯಾಬಿನೆಟ್ಟುಗಳಲ್ಲಿ ಪವರ್ ಸಪ್ಲೈ ಇರುವುದು ತಳದಲ್ಲಿ, ಅದರ ಫ್ಯಾನ್ ಗಾಳಿ ಎಳೆಯುವುದೂ ತಳದಿಂದಲೇ. ಅದಕ್ಕೇ ಅಟ್ಟದಿಂದ ಊಟದ ಮಣೆ ಇಳಿಸಿ, ಒರೆಸಿ, ಅದರ ಮೇಲೆ ಕೂರಿಸಿದೆ. ಅಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದರು. "ನಮ್ಮ ಬೀಗರಿಗೂ ನಾನು ಇಷ್ಟು ಮಣೆ ಹಾಕಿಲ್ಲಪ್ಪ" ಅಂದರು.

ಆಮೇಲೆ ಗಾಳಿಯ ಪರೀಕ್ಷೆ. ಮುಂದಿನ ಮೂರು ಫ್ಯಾನ್ ಗಾಳಿಯನ್ನು ಒಳಗೆ ಎಳೀಬೇಕು, ಹಿಂದಿನದೊಂದು ಹೊರಗೆ ತಳ್ಳಬೇಕು. ಒಳಗೆ ಬರುವ ಗಾಳಿ ಜಾಸ್ತಿ ಇದ್ದರೆ ಅದು ಫಿಲ್ಟರ್ ದಾಟಿಯೇ ಬರುತ್ತದೆ, ಧೂಳು ಸಂದಿಗೊಂದಿಯಿಂದ ನುಗ್ಗುವುದಿಲ್ಲ. ಫ್ಯಾನ್ ತಿರುಗುಮುರುಗಾಗಿ ಕೂತಿದೆಯಾ ಅಂತ ತಿಳಿಯಲು ಸುಲಭದ ದಾರಿ ಹೊಗೆ. ಮೈಸೂರಿನಲ್ಲಿ ಅದಕ್ಕೇನು ಬರವೇ? ದೇವರ ಮನೆಯಿಂದ ಎರಡು ಊದುಬತ್ತಿ ತಂದು ಹಚ್ಚಿ, ಕ್ಯಾಬಿನೆಟ್ಟಿನ ಮುಂದೆ ಮೇಲಿಂದ ಕೆಳಗೆ ಆಡಿಸಿದೆ. ಹೊಗೆ ಚೆನ್ನಾಗಿ ಒಳಗೆ ಹೋಗಿ ಹಿಂದಿನಿಂದ ಬಂತು. "ಅಂತೂ ಇವನಿಗೂ ಭಕ್ತಿ ಬಂತು ನೋಡೇ" ಅಂತ ಅಮ್ಮ ಸೊಸೆಗೆ ಹೇಳಿದ್ದು ಕೇಳಿಸಿತು. ನಾನು ಸುಮ್ನಿದ್ದೆ. ಮನೇಲಿ ಒಳ್ಳೆ ಹೆಸರು ಪದೇ ಪದೇ ಸಿಗೋದಲ್ಲ.

ನಿಜವಾದ ಪರೀಕ್ಷೆ ಬಂದದ್ದು ದಸರಾಗೆ. ಪಾಡ್ಯದ ದಿನ ಗೊಂಬೆ ಕೂರಿಸುವಾಗ ಅಮ್ಮನಿಗೆ ಒಂದು ಮೆಟ್ಟಿಲು ಕಮ್ಮಿ ಬಿತ್ತು. ಮೆಟ್ಟಿಲು ಬೆಸವೇ ಇರಬೇಕು, ಎಂಟು ನಡೆಯುವುದಿಲ್ಲ. ಎಲ್ಲರ ಕಣ್ಣೂ ನನ್ನ ಮೂಲೆಗೆ ತಿರುಗಿತು. "ಮೇಲೊಂದು ಬಿಳೀ ಪಂಚೆ ಹೊದಿಸಿದರೆ ಗೊತ್ತೇ ಆಗಲ್ಲ. ಒಂಬತ್ತು ದಿನ ತಾನೇ?" ಪಂಚೆ ಹೊದಿಸಿದರೆ ಬಿಸಿಗಾಳಿ ಹೊರಗೆ ಹೋಗಲ್ಲಮ್ಮ ಅಂದೆ. "ಹಾಗಾದ್ರೆ ಒಂಬತ್ತು ದಿನ ಆಫ್ ಮಾಡು" ಅಂದರು. ಕೊನೆಗೆ ಕ್ಯಾಬಿನೆಟ್ ಬಂದ ರಟ್ಟಿನ ಪೆಟ್ಟಿಗೆಗೆ ಹಳೇ ಪುಸ್ತಕ ತುಂಬಿಕೊಟ್ಟು ಬಚಾವಾದೆ. ಅದು ಕ್ಯಾಬಿನೆಟ್ಟಿಗಿಂತಲೂ ದೊಡ್ಡದಲ್ವಾ! ಪಟ್ಟದ ಗೊಂಬೆಗಳು ಅದರ ಮೇಲೆ ಗತ್ತಿನಿಂದ ನಿಂತವು.

ಆಯುಧಪೂಜೆಗೆ ಮಾತ್ರ ತಪ್ಪಿಸಿಕೊಳ್ಳಲು ಆಗಲಿಲ್ಲ. ಸ್ಕೂಟರ್, ಈಳಿಗೆಮಣೆ, ಕತ್ತರಿ ಎಲ್ಲಾ ಮುಗಿಸಿ ಅಮ್ಮ ಕ್ಯಾಬಿನೆಟ್ಟಿನ ಮುಂದೆ ಬಂದಾಗ ಒಳಗೆ ಯಾರದೋ ಆರತಕ್ಷತೆ ರೆಂಡರ್ ಆಗುತ್ತಿತ್ತು. ಆರಿಸುವ ಹಾಗಿಲ್ಲ. ಗಾಜಿಗೆ ಅರಿಶಿನ, ಕುಂಕುಮ ಬಿತ್ತು. ಚೆಂಡುಹೂವಿನ ಹಾರ ಮುಂದೆ ಇಳಿಬಿತ್ತು. ವಿಭೂತಿ ಬಳಿದದ್ದು ಸೀದಾ ಫ್ಯಾನಿನ ಜಾಲರಿಗೆ. ಅರ್ಧ ಬೆರಳಲ್ಲಿ ಉಳಿಯಿತು, ಅರ್ಧ ಒಳಗೆ ಹೋಯಿತು. ನಾನು ತುಟಿ ಕಚ್ಚಿಕೊಂಡು ನಿಂತೆ. ಆಮೇಲೆ ಮಂಗಳಾರತಿ. ತಟ್ಟೆ ಹತ್ತಿರ ತಂದ ಕೂಡಲೇ ಕರ್ಪೂರದ ಜ್ವಾಲೆ ಕ್ಯಾಬಿನೆಟ್ಟಿನ ಕಡೆಗೆ ಪೂರ್ತಿ ಬಾಗಿತು.

ಅಮ್ಮ ಒಂದು ಕ್ಷಣ ದಂಗಾದರು. "ನೋಡಿದ್ಯಾ? ಸ್ವೀಕಾರ ಮಾಡ್ತಾ ಇದೆ!"

140 ಮಿಲಿಮೀಟರಿನ ಮೂರು ಫ್ಯಾನ್ ಎದುರಿಗಿದ್ದರೆ ಯಾವ ಜ್ವಾಲೆ ತಾನೇ ಬಾಗಲ್ಲ? ಆದರೆ ಆ ಹೊತ್ತಲ್ಲಿ ಇದನ್ನು ಹೇಳುವ ಧೈರ್ಯ ಯಾರಿಗಿದೆ? ನಾನೂ ಕೈಮುಗಿದೆ. ಫಿಲ್ಟರ್‌ನಿಂದ ಚೆಂಡುಹೂವಿನ ಎಸಳು ತೆಗೆಯುವ ಕೆಲಸ ದೀಪಾವಳಿ ತನಕ ನಡೆಯಿತು.

ಒಳಗಿನ ಬಣ್ಣದ ದೀಪಗಳದ್ದು ಇನ್ನೊಂದು ಗೋಳು. ರಾತ್ರಿ ಕಿಟಕಿಯಿಂದ ಅದರ ಬೆಳಕು ಎದುರು ಮನೆ ಗೋಡೆಗೆ ಬೀಳುತ್ತದೆ. ಆ ಮನೆಯ ರಿಟೈರ್ಡ್ ಮೇಷ್ಟ್ರು ಒಂದು ದಿನ ವಾಕಿಂಗ್ ನಿಲ್ಲಿಸಿ ಕೇಳಿದರು: "ಅರಮನೆಯವರೇ ದಸರಾ ಲೈಟು ಆರಿಸಿದ್ರು, ನಿಮ್ಮನೇಲಿ ಯಾವಾಗ?"

ಗಾಜಿನ ಬಾಗಿಲ ಬಗ್ಗೆ ಮಾತ್ರ ಮನೆಯಲ್ಲಿ ಗಲಾಟೆ ಇಲ್ಲ. ಇಂಥ ಗಟ್ಟಿ ಗಾಜಿನ ಅಂಚು ಟೈಲ್ಸ್‌ಗೆ ಸ್ವಲ್ಪ ತಾಗಿದರೂ ಇಡೀ ಗಾಜು ಪುಡಿಪುಡಿ ಆಗಬಹುದು. ಹಾಗಾಗಿ ಕ್ಲೀನ್ ಮಾಡುವ ಭಾನುವಾರ ಅದು ಹಾಸಿಗೆ ಮೇಲೆ ಮಲಗುತ್ತದೆ, ನಾವು ಕುರ್ಚಿಯಲ್ಲಿ ಕೂರುತ್ತೇವೆ. ಮಿಕ್ಕ ದಿನ ಅಮ್ಮ ಅದರಲ್ಲಿ ಸೀರೆ ನೆರಿಗೆ ನೋಡಿಕೊಳ್ಳುತ್ತಾರೆ.

ಇನ್ನು ಡಿಸೆಂಬರ್. ಮೈಸೂರಿನ ಚಳಿಗೆ ದೋಸೆಹಿಟ್ಟು ಹುದುಗು ಬರುವುದೇ ಕಷ್ಟ. ಕ್ಯಾಬಿನೆಟ್ಟಿನ ಹಿಂದೆ ರಾತ್ರಿಯೆಲ್ಲಾ ಬೆಚ್ಚಗಿನ ಗಾಳಿ ಬರುತ್ತದೆ ಅನ್ನೋದನ್ನು ಹೆಂಡತಿ ಕಂಡುಹಿಡಿದಳು. ನನಗೆ ಹೇಳಲಿಲ್ಲ. ನಾನು ಉದ್ದನೆಯ ಮದುವೆಯೊಂದನ್ನು ರೆಂಡರ್‌ಗೆ ಹಾಕಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಹಿಟ್ಟು ಪಾತ್ರೆ ಮೀರಿ ಉಕ್ಕಿ, ಮಣೆ ಬಳಸಿಕೊಂಡು, ಪ್ಲಗ್ ಬೋರ್ಡಿಗೆ ಒಂದು ಗೇಣು ದೂರದಲ್ಲಿ ನಿಂತಿತ್ತು. ವಿಡಿಯೋ ಮಾತ್ರ ಸರಿಯಾಗಿ ಬಂದಿತ್ತು. ದೋಸೆಯಂತೂ, ಹೇಳಲೇಬೇಕು, ಹೋಟೆಲಿನವರು ನಾಚಬೇಕು.

ಈಗ ಪಾತ್ರೆ ಕೆಳಗೆ ಒಂದು ಅಗಲ ತಟ್ಟೆ ಬಂದಿದೆ. ನನ್ನ ಕೆಲಸದ ಲೆಕ್ಕಾಚಾರವೂ ಅಡುಗೆಮನೆಯಿಂದಲೇ ಬರುತ್ತದೆ. ಮೊನ್ನೆ ಗಿರಾಕಿಯೊಬ್ಬರು ಫೋನ್ ಮಾಡಿ, ಅರ್ಜೆಂಟು, ಶುಕ್ರವಾರವೇ ವಿಡಿಯೋ ಬೇಕು ಅಂದರು. ನಾನು 'ಹೂಂ' ಅನ್ನುವಷ್ಟರಲ್ಲಿ ಒಳಗಿನಿಂದ ಕೂಗು:

"ಅದನ್ನ ಶನಿವಾರ ರಾತ್ರಿಗೆ ಇಟ್ಕೊಳ್ರೀ. ಭಾನುವಾರ ಅಕ್ಕ, ಭಾವ ಬರ್ತಾರೆ, ಸೆಟ್ ದೋಸೆ ಮಾಡ್ಬೇಕು."