ಶೇಕಡಾ ಹತ್ತು ಎಂದರೆ ಎಷ್ಟು ಸ್ವಾಮಿ?

ಟೈರು ಮಲೆನಾಡಿಗೆ ಹೊಸದಲ್ಲ. ಕೊಟ್ಟಿಗೆಯ ತಗಡು ಗಾಳಿಗೆ ಹಾರದ ಹಾಗೆ ಕೂತಿರುವುದು ಅದೇ. ಆಷಾಢದಲ್ಲಿ ಬಚ್ಚಲೊಲೆಯ ಹಸಿ ಸೌದೆ ಹತ್ತಿಸುವುದೂ ಅದರ ತುಂಡೇ (ಮನೆಮಂದಿ ಕೆಮ್ಮುವುದು ಬೇರೆ ಮಾತು). ನೀರು ನಿಂತರೆ ಡೆಂಗಿ ಸೊಳ್ಳೆಗೆ ಬಾಣಂತಿ ಕೋಣೆ. ಇಷ್ಟು ಸೇವೆ ಸಲ್ಲಿಸಿದ್ದಕ್ಕೆ ಬಡ್ತಿ ಕೊಡಬೇಡವೇ? ಪೇಟೆಯ ಹಿರಿಯರು ಹಳೆ ಟೈರಿನ ಪುಡಿ ಬೆರೆಸಿದ ಕಾಂಕ್ರೀಟಿನ 'ಹಸಿರು ಫುಟ್‌ಪಾತ್' ಮಂಜೂರು ಮಾಡಿದರು.

ಅಂದಾಜು ಪಟ್ಟಿಯಲ್ಲಿ ಒಂದೇ ಸಾಲು: 'ಮರಳಿನ ಬದಲು ಶೇ. 10 ರಬ್ಬರ್ ಪುಡಿ.' ತೂಕದಲ್ಲೋ, ಗಾತ್ರದಲ್ಲೋ? ಬರೆದವರು ಹೇಳಲಿಲ್ಲ, ಸಹಿ ಹಾಕಿದವರು ಕೇಳಲಿಲ್ಲ. ಒಂದು ಘನ ಮೀಟರ್ ಕಾಂಕ್ರೀಟಿಗೆ 700 ಕೆ.ಜಿ. ಮರಳು ಅಂದುಕೊಳ್ಳಿ. 70 ಕೆ.ಜಿ. ತೆಗೆದರೆ ಖಾಲಿಯಾಗುವ ಜಾಗ ಸುಮಾರು 27 ಲೀಟರ್. ಮರಳು ನೀರಿಗಿಂತ 2.6 ಪಟ್ಟು ಭಾರ, ರಬ್ಬರ್ 1.1 ಪಟ್ಟು ಮಾತ್ರ. ಆ ಜಾಗಕ್ಕೆ 30 ಕೆ.ಜಿ. ಧಾರಾಳ. ತಕ್ಕಡಿ ನಂಬಿದ ಗುತ್ತಿಗೆದಾರರು 70 ಕೆ.ಜಿ.ಯನ್ನೂ ಸುರಿದರು. ಅದು ಹಿಡಿಯುವ ಜಾಗ 64 ಲೀಟರ್, ಮಾರಾಯ್ರೆ! ರಬ್ಬರ್ ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತದೆ. ಸಿಮೆಂಟು ಅದಕ್ಕೆ ಸರಿಯಾಗಿ ಅಂಟುವುದಿಲ್ಲ, ಸುತ್ತ ಗಾಳಿಯೂ ಸಿಕ್ಕಿಕೊಳ್ಳುತ್ತದೆ.

ಅಂಟಿಸುವ ಉಪಾಯ ಇದೆ. ಪುಡಿಯನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆದು, ಒಣಗಿಸಬೇಕು. ಇಲ್ಲಿ ಪುಡಿ ನೆನೆದದ್ದು ಬಿಲ್ಲಿನಲ್ಲಿ ಮಾತ್ರ. ಅಯಸ್ಕಾಂತ ಹಿಡಿದು ಬೀಡ್ ತಂತಿಯ (ಟೈರಿನ ಅಂಚಿನೊಳಗಿನ ಉಕ್ಕಿನ ತಂತಿ) ಚೂರು ಆರಿಸುವುದೂ ಬಿಲ್ಲಿನಲ್ಲೇ ಆಯಿತು.

ಆಮೇಲೆ ವೈಬ್ರೇಟರ್, ಹಸಿ ಕಾಂಕ್ರೀಟನ್ನು ನಡುಗಿಸಿ ಗಾಳಿ ಹೊರಡಿಸುವ ಯಂತ್ರ. 'ಗಟ್ಟಿ ಬರಲಿ' ಎಂದು ಅದನ್ನು ಹೊತ್ತು ಮೀರಿ ಓಡಿಸಿದರು. ಹಗುರವಾದ ರಬ್ಬರ್ ಮಜ್ಜಿಗೆಯಲ್ಲಿ ಬೆಣ್ಣೆ ತೇಲಿದ ಹಾಗೆ ಮೇಲೆ ಬಂದು ಕೂತಿತು. ಕಪ್ಪು ಚುಕ್ಕಿ ನೋಡಿದ ಉದ್ಘಾಟನೆಯ ಅತಿಥಿಗಳು 'ಗ್ರಾನೈಟ್ ತರ ಇದೆ' ಎಂದರು.

ಬಲ ನೋಡಲು ಅದೇ ಕಾಂಕ್ರೀಟಿನಲ್ಲಿ ಎರಕ ಹೊಯ್ದ ಕ್ಯೂಬನ್ನು 28 ದಿನ ನೀರಿನಲ್ಲಿಟ್ಟು ಒಡೆಯಬೇಕು. ಟೇಪು ಕತ್ತರಿಸಿದ್ದು ಒಂಬತ್ತನೇ ದಿನ. ಒಳ್ಳೆಯ ಮುಹೂರ್ತ ಅದೊಂದೇ ಇತ್ತಂತೆ. ಕ್ಯೂಬ್ ಮಾತ್ರ ಭರ್ಜರಿಯಾಗಿ ಪಾಸಾಯಿತು. ಅದರೊಳಗೆ ರಬ್ಬರೇ ಇರಲಿಲ್ಲ.

ಜೂನ್ ಮಳೆಗೆ ಮೇಲ್ಪದರ ಪುಡಿಪುಡಿಯಾಗಿ ಚರಂಡಿ ಸೇರಿತು. ಉಳಿದ ತಂತಿಗಳು ತುಕ್ಕು ಹಿಡಿದು ಚಪ್ಪಲಿಗೆ ಚುಚ್ಚತೊಡಗಿದವು. ಎದ್ದ ಹೆಂಟೆಗಳನ್ನು ಅಕ್ಕಪಕ್ಕದವರು ಕೊಂಡೊಯ್ದು ಕೊಟ್ಟಿಗೆಯ ತಗಡಿನ ಮೇಲಿಟ್ಟಿದ್ದಾರೆ. ಟೈರಿನಷ್ಟು ಗಟ್ಟಿಯಾಗಿ ಕೂರುವುದಿಲ್ಲವಂತೆ.