ಆತ್ಮಾವಲೋಕನಕ್ಕೆ ಕಾರಣಗಳಿಗಿಂತ ಘಟನೆಗಳು ಬೇಕು

ಬದಲಾಗಬೇಕೆಂದು ಮನಸಾರೆ ಬಯಸುವವರೂ ವರ್ಷಗಟ್ಟಲೆ ಇದ್ದಲ್ಲೇ ಇರುವುದನ್ನು ಕಂಡಾಗ, ಅವರು ತಮ್ಮ ಬಗ್ಗೆ ಯೋಚಿಸುತ್ತಿಲ್ಲವೆಂದು ನನಗೆ ಅನ್ನಿಸುವುದಿಲ್ಲ. ಅನೇಕರು ಅಗತ್ಯಕ್ಕಿಂತ ಹೆಚ್ಚೇ ಯೋಚಿಸುತ್ತಾರೆ. ತೊಡಕಿರುವುದು ಅವರು ಕೇಳಿಕೊಳ್ಳುವ ಪ್ರಶ್ನೆಯಲ್ಲಿ. 'ನಾನೇಕೆ ಹೀಗೆ?' ಎಂದೊಡನೆ ಮನಸ್ಸು ಬೆಳೆದ ರೀತಿ, ಕೆಲಸದ ಒತ್ತಡ, ಹುಟ್ಟುಗುಣ ಎಂದು ಉತ್ತರಗಳನ್ನು ಮುಂದಿಡುತ್ತದೆ. ಉತ್ತರ ಸಿಕ್ಕಿತೆಂಬ ಸಮಾಧಾನದಲ್ಲಿ ವಿಚಾರಣೆ ಅಲ್ಲಿಗೇ ನಿಂತುಹೋಗುತ್ತದೆ.

ಇಂಥ ಉತ್ತರಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಮನೋವಿಜ್ಞಾನಿಗಳಾದ ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ 1977ರ ತಮ್ಮ ಪ್ರಬಂಧದಲ್ಲಿ ಒಂದು ಪ್ರಯೋಗವನ್ನು ವಿವರಿಸಿದ್ದಾರೆ. ಸಾಲಾಗಿ ಇಟ್ಟ 4 ಜೊತೆ ಕಾಲುಚೀಲಗಳಲ್ಲಿ ಯಾವುದು ಉತ್ತಮವೆಂದು ಜನರನ್ನು ಕೇಳಲಾಯಿತು. ನಾಲ್ಕೂ ಒಂದೇ ಬಗೆಯವಾಗಿದ್ದರೂ ಬಲತುದಿಯದನ್ನು ಆರಿಸಿದವರೇ ಹೆಚ್ಚು. ಆಯ್ಕೆಗೆ ಕಾರಣ ಕೇಳಿದಾಗ ಅದು ಇದ್ದ ಜಾಗವನ್ನು ಯಾರೂ ಹೆಸರಿಸಲಿಲ್ಲ. ಜಾಗದ ಪ್ರಭಾವವಿರಬಹುದೇ ಎಂದು ನೇರವಾಗಿ ಕೇಳಿದಾಗಲೂ ಹೆಚ್ಚುಕಡಿಮೆ ಎಲ್ಲರೂ ಅಲ್ಲಗಳೆದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಒಂದು ಜೊತೆ ಕಾಲುಚೀಲದ ವಿಷಯದಲ್ಲೇ ಹೀಗಾದರೆ, ಮದುವೆ, ಸಿಟ್ಟು, ಸೋಲುಗಳಂಥ ವಿಷಯಗಳಲ್ಲಿ ನಾವು ಕೊಟ್ಟುಕೊಳ್ಳುವ ಕಾರಣಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಹಾಗಾಗಿ ಕಾರಣವನ್ನು ಬದಿಗಿಟ್ಟು ಮೊದಲು ಘಟನೆಯನ್ನು ಬರೆದಿಡುವುದು ಒಳ್ಳೆಯದು. 'ನಾನು ಮುಂಗೋಪಿ' ಎಂಬ ವಾಕ್ಯದಿಂದ ಏನೂ ಹೊರಡುವುದಿಲ್ಲ. 'ಮಗಳು ಅದೇ ಮಾತನ್ನು ಎರಡನೆಯ ಸಲ ಕೇಳಿದಳು, ನಾನು ಫೋನಿನಲ್ಲಿ ಕಚೇರಿಯ ಸಂದೇಶ ಓದುತ್ತಿದ್ದೆ, ತಲೆಯೆತ್ತದೆಯೇ ಗದರಿದೆ, ಅವಳು ಪುಸ್ತಕ ಮುಚ್ಚಿ ಎದ್ದುಹೋದಳು' ಎಂದು ಬರೆಯುವ ತಾಯಿಗೆ ತನ್ನ ಸ್ವಭಾವದ ಬಗ್ಗೆ ತೀರ್ಪು ಸಿಗದಿರಬಹುದು, ಆದರೆ ಕೈಯಲ್ಲಿದ್ದ ಫೋನು ಕಣ್ಣಿಗೆ ಬೀಳುತ್ತದೆ. ಇಂಥ ನಾಲ್ಕಾರು ಬರಹಗಳಲ್ಲಿ ಅದೇ ಫೋನು ಮತ್ತೆ ಮತ್ತೆ ಕಾಣಿಸಿಕೊಂಡರೆ, ಎಲ್ಲಿಂದ ಆರಂಭಿಸಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಬರೆಯುವಾಗ 'ನಾನು' ಎನ್ನುವ ಬದಲು ತನ್ನನ್ನೇ ಹೆಸರು ಹಿಡಿದು, ಬೇರೊಬ್ಬರ ಕಥೆಯೆಂಬಂತೆ ಬರೆಯುವುದೂ ಒಂದು ಉಪಾಯ. ಹೀಗೆ ತುಸು ದೂರ ನಿಂತು ನೋಡಿದರೆ ಭಾವನೆಯ ಕಾವು ತಗ್ಗುತ್ತದೆಂದು ಈಥನ್ ಕ್ರಾಸ್ ಮತ್ತು ಅವರ ಸಹೋದ್ಯೋಗಿಗಳ ಅಧ್ಯಯನಗಳು ತೋರಿಸಿವೆ.

ಆಮೇಲೆ ನಿರ್ಧಾರದ ಮಾತು. 'ಇನ್ನು ಮುಂದೆ ತಾಳ್ಮೆಯಿಂದಿರುತ್ತೇನೆ' ಎಂಬುದು ಹಾರೈಕೆಯಷ್ಟೇ. 'ಮಗಳು ಪುಸ್ತಕ ಹಿಡಿದು ಬಂದರೆ, ಫೋನನ್ನು ಮಗುಚಿಡುತ್ತೇನೆ' ಎಂಬುದು ಯೋಜನೆ. ಹೀಗೆ 'ಇಂಥದ್ದು ನಡೆದರೆ ಇಂಥದ್ದು ಮಾಡುತ್ತೇನೆ' ಎಂದು ಮೊದಲೇ ಗೊತ್ತುಮಾಡಿಕೊಂಡರೆ ಸಂಕಲ್ಪ ಕಾರ್ಯಕ್ಕಿಳಿಯುವ ಸಾಧ್ಯತೆ ಹೆಚ್ಚುತ್ತದೆ ಎಂಬುದನ್ನು ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದಲೂ ಪ್ರಯೋಗಗಳ ಮೂಲಕ ತೋರಿಸುತ್ತ ಬಂದಿದ್ದಾರೆ.

ಒಂದು ಎಚ್ಚರಿಕೆಯನ್ನು ಹೇಳದಿರಲಾರೆ. ಮುಗಿದುಹೋದ ನೋವನ್ನೇ ಮತ್ತೆ ಮತ್ತೆ ಕೆದಕುವುದು ಅವಲೋಕನವಲ್ಲ, ಕೊರಗು. ಅದು ಖಿನ್ನತೆಯನ್ನು ಹೆಚ್ಚಿಸುತ್ತದೆಂದು ಸೂಸನ್ ನೋಲೆನ್-ಹೋಕ್ಸಿಮಾ ಅವರ ಸಂಶೋಧನೆ ವಿವರವಾಗಿ ದಾಖಲಿಸಿದೆ. ಬರೆದಷ್ಟೂ ಮನಸ್ಸು ಭಾರವಾಗುತ್ತಿದ್ದರೆ, ಹೊಸದೇನೂ ಕಾಣದೆ ಅದೇ ಮಾತು ಸುತ್ತುತ್ತಿದ್ದರೆ, ದಯವಿಟ್ಟು ಬರೆಯುವುದನ್ನು ನಿಲ್ಲಿಸಿ ನಂಬಿಕೆಯ ಒಬ್ಬರ ಬಳಿ ಅಥವಾ ಆಪ್ತಸಮಾಲೋಚಕರ ಬಳಿ ಮಾತನಾಡಿ.